ಯಾವ ಚರ್ಚು ಸಾ, ಪೂಜೆಗೋ ನೋಡೋಕೋ?

ಹೇಮಾವತಿ ತುಂಬುತ್ತಿದೆ ಅಂತ ಪತ್ರಿಕೆಯಲ್ಲಿ ಸುದ್ದಿ ಬಂದರೆ ಸಾಕು, ನನಗೆ ಬರುವ ಪ್ರಶ್ನೆಗಳಲ್ಲಿ ಒಂದು ಖಾಯಂ ಆಗಿಬಿಟ್ಟಿದೆ. ‘ನಿಮ್ಮ ಕಡೆ ನೀರೊಳಗೆ ಒಂದು ಚರ್ಚ್ ಇದೆಯಂತಲ್ಲ, ಅದರ ಹೆಸರೇನು, ಎಲ್ಲಿ ಇಳಿಯಬೇಕು?’ ಕೇಳುವವರು ಬೆಂಗಳೂರಿನವರು, ಮೈಸೂರಿನವರು, ಒಮ್ಮೊಮ್ಮೆ ಚನ್ನರಾಯಪಟ್ಟಣದವರೂ ಇರುತ್ತಾರೆ. ಎಲ್ಲಿ ಇಳಿಯಬೇಕು ಅನ್ನುವುದಕ್ಕೆ ಒಂದು ಸಾಲಿನಲ್ಲಿ ಉತ್ತರ ಹೇಳಬಹುದು. ಹೆಸರೇನು ಅನ್ನುವುದಕ್ಕೆ ಆಗುವುದಿಲ್ಲ. ಆ ಕಟ್ಟಡಕ್ಕೆ ಕನಿಷ್ಠ ನಾಲ್ಕು ಹೆಸರಿದೆ. ಒಬ್ಬೊಬ್ಬರು ಒಂದೊಂದು ಹೆಸರು ಹಿಡಿದುಕೊಂಡು ಹೊರಡುತ್ತಾರೆ, ಅರ್ಧ ಜನ ದಾರಿ ತಪ್ಪುತ್ತಾರೆ.

ಪುಸ್ತಕದಲ್ಲಿ ಅದು ರೋಸರಿ ಚರ್ಚ್. ಕ್ಯಾಥೊಲಿಕ್ ಕ್ರೈಸ್ತರ ಕನ್ನಡದಲ್ಲಿ ಹೇಳುವುದಾದರೆ ಜಪಮಾಲೆ ಮಾತೆಯ ದೇವಾಲಯ. ಪ್ರವಾಸದ ಪುರವಣಿಗಳಲ್ಲಿ ಅದು ‘ಮುಳುಗಿದ ಚರ್ಚ್’, ಇಂಗ್ಲಿಷ್ ಬೋರ್ಡಿನವರಿಗೆ ‘ಫ್ಲೋಟಿಂಗ್ ಚರ್ಚ್’. ಸುತ್ತಮುತ್ತಲ ಹಳ್ಳಿಯವರಿಗೆ ಶೆಟ್ಟಿಹಳ್ಳಿ ಚರ್ಚು, ಇಲ್ಲವೇ ಬರೀ ಹಳೇ ಚರ್ಚು. ಈ ಪೈಕಿ ನಿಮ್ಮನ್ನು ಸರಿಯಾದ ಜಾಗಕ್ಕೆ ಕರೆದುಕೊಂಡು ಹೋಗುವುದು ಕೊನೆಯ ಎರಡೇ. ‘ರೋಸರಿ ಚರ್ಚ್ ಎಲ್ಲಿ’ ಅಂತ ದನ ಮೇಯಿಸುವವರನ್ನು ಕೇಳಿದರೆ ಅವರು ನಿಮ್ಮ ಮುಖ ನೋಡುತ್ತಾರೆ. ರೋಸರಿ ಹೆಸರಿನ ಚರ್ಚು ಕರ್ನಾಟಕದಲ್ಲಿ ಒಂದೆರಡಲ್ಲ. ಮಂಗಳೂರಿನ ರೊಜಾರಿಯೋ ಕ್ಯಾಥೆಡ್ರಲ್ ಕೂಡ ಅದೇ ಮಾತೆಯ ಹೆಸರಿನದು, ಅದರ ಮೂಲ 1568ಕ್ಕೆ ಹೋಗುತ್ತದೆ.

ಹಾಗಂತ ‘ಶೆಟ್ಟಿಹಳ್ಳಿ’ ಅಂತ ಮಾತ್ರ ಮೊಬೈಲಿಗೆ ಹೇಳಿ ಕಾರು ಹತ್ತಬೇಡಿ. ಬೆಂಗಳೂರಿನ ಜಾಲಹಳ್ಳಿ ಕಡೆ ಒಂದು ಶೆಟ್ಟಿಹಳ್ಳಿ ಇದೆ. ಶಿವಮೊಗ್ಗದಲ್ಲಿ ಶೆಟ್ಟಿಹಳ್ಳಿ ಅಭಯಾರಣ್ಯವೇ ಇದೆ, ಅಲ್ಲಿಗೆ ಹೋದರೆ ಕಾಡು ಸಿಗುತ್ತದೆ, ಚರ್ಚು ಸಿಗುವುದಿಲ್ಲ. ನಮ್ಮದು ಹಾಸನದಿಂದ ಸುಮಾರು 20 ಕಿಲೊಮೀಟರ್ ದೂರದಲ್ಲಿ, ಗೊರೂರು ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿರುವ ಶೆಟ್ಟಿಹಳ್ಳಿ. ‘ಗೊರೂರು ಹಿನ್ನೀರು’ ಅನ್ನುವ ಎರಡು ಪದ ಸೇರಿಸಿ ಕೇಳಿದರೆ ಹಾಸನ ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವವರೂ ದಾರಿ ತೋರಿಸುತ್ತಾರೆ.

ಅಲ್ಲಿಗೆ ಹೋಗುವ ದಾರಿಯ ಒಂದು ಪೆಟ್ಟಿಗೆ ಅಂಗಡಿಯಲ್ಲಿ ಟೀ ಕುಡಿಯುತ್ತಾ ನಾನು ಚರ್ಚಿಗೆ ದಾರಿ ಕೇಳಿದೆ. ಅಂಗಡಿಯ ಹೆಂಗಸು ಬೋಂಡ ತಿರುವಿಹಾಕುತ್ತಾ ತಲೆಯೆತ್ತದೆಯೇ ಕೇಳಿದರು: ‘ಯಾವ ಚರ್ಚು ಸಾ, ಪೂಜೆಗೋ ನೋಡೋಕೋ?’ ನೋಡೋಕೆ ಅಂದೆ. ‘ಹಂಗಾರೆ ಹಳೇದು. ಇಂಗೇ ಕೆಳಿಕ್ಕೋಗಿ, ನೀರು ಸಿಕ್ಕೋವರ್ಗೂ ಓಗ್ತಾ ಇರಿ’ ಅಂದರು. ಇದಕ್ಕಿಂತ ಅಚ್ಚುಕಟ್ಟಾದ ದಾರಿ ಯಾವ ಮ್ಯಾಪೂ ನನಗೆ ತೋರಿಸಿಲ್ಲ. ಪೂಜೆ ನಡೆಯುವ ಚರ್ಚು ಒಂದು, ಜನ ಫೋಟೊ ತೆಗೆಯಲು ಬರುವ ಚರ್ಚು ಇನ್ನೊಂದು ಅನ್ನುವುದು ಆಕೆಗೆ ಗೊತ್ತಿತ್ತು. ಬಂದವರಿಗೆ ಗೊತ್ತಿರುವುದಿಲ್ಲ ಅನ್ನುವುದೂ ಗೊತ್ತಿತ್ತು.

ಚರ್ಚು ಎರಡಾಗಿದ್ದು ಹೇಗೆ ಅಂತ ಹೇಳಿದರೆ ಹೆಸರುಗಳ ಗೊಂದಲವೂ ಬಿಡಿಸಿಕೊಳ್ಳುತ್ತದೆ. ಹಳೆಯದನ್ನು ಕಟ್ಟಿದವರು 1860ರ ದಶಕದಲ್ಲಿ ಇಲ್ಲಿದ್ದ ಫ್ರೆಂಚ್ ಪಾದ್ರಿಗಳು. ಗಾಥಿಕ್ ಶೈಲಿಯ ಚೂಪು ಕಮಾನು, ಎತ್ತರದ ಗೋಡೆ. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರಂತೆ ಅನ್ನುವ ಮಾತು ಊರಿನವರ ಬಾಯಲ್ಲಿ ಇವತ್ತಿಗೂ ಇದೆ. ಸುಮಾರು ನೂರು ವರ್ಷ ಅದು ಎಲ್ಲ ಹಳ್ಳಿ ಚರ್ಚುಗಳ ಹಾಗೆ ಗಂಟೆ, ಹಬ್ಬ, ಮದುವೆ, ಮಣ್ಣು ನೋಡಿಕೊಂಡು ಇತ್ತು. ಆಮೇಲೆ ಗೊರೂರಿನಲ್ಲಿ ಹೇಮಾವತಿಗೆ ಅಡ್ಡಲಾಗಿ ಅಣೆಕಟ್ಟು ಎದ್ದಿತು. 1979ರಲ್ಲಿ ಕೆಲಸ ಮುಗಿದು ನೀರು ನಿಂತಿತು. ಗರಿಷ್ಠ ಮಟ್ಟ 2922 ಅಡಿ, ಹಿಡಿಯುವ ನೀರು 37 ಟಿಎಂಸಿ ಚಿಲ್ಲರೆ. ಮಳೆಗಾಲ ಬಂದರೆ ಈ ಅಂಕಿಗಳು ಜಿಲ್ಲೆಯ ಪ್ರತಿ ಟೀ ಅಂಗಡಿಯಲ್ಲೂ ಕೇಳಿಸುತ್ತವೆ. ನೀರಿನ ಅಂಗಳಕ್ಕೆ ಬಿದ್ದ ಹಳ್ಳಿಗಳು ಎತ್ತರದ ಜಾಗಗಳಿಗೆ ಎದ್ದುಹೋದವು. ಜನರ ಹಿಂದೆ ದೇವರೂ ಹೋದರು, ಪೂಜೆಯೂ ಹೋಯಿತು. ಗೋಡೆ ಮಾತ್ರ ಅಲ್ಲೇ ಉಳಿಯಿತು.

‘ತೇಲುವ ಚರ್ಚ್’ ಅನ್ನುವ ಹೆಸರು ನನಗೆ ಸರಿಬರದಿರುವುದು ಇದಕ್ಕೇ. ತೇಲುವುದು ಯಾವುದೂ ಇಲ್ಲಿ ಇಲ್ಲ. ನೀರು ಏರುತ್ತದೆ, ಇಳಿಯುತ್ತದೆ, ಕಟ್ಟಡ ನಿಂತಲ್ಲೇ ನಿಂತಿದೆ. ‘ಮುಳುಗಿದ ಚರ್ಚ್’ ಕೂಡ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ನಿಜ. ಜನವರಿಯಿಂದ ಬೇಸಿಗೆಯ ತನಕ ನೀವು ಚಪ್ಪಲಿ ನೆನೆಯದೆ ನಡೆದುಕೊಂಡು ಒಳಗೆ ಹೋಗಬಹುದು. ಸೂರು ಯಾವತ್ತೋ ಹೋಗಿದೆ. ನೆಲದಲ್ಲಿ ಒಣಗಿ ಬಿರಿದ ಕೆಸರು, ಕಮಾನಿನ ಸಂದಿಯಲ್ಲಿ ಹಕ್ಕಿ. ‘ಫ್ಲೋಟಿಂಗ್ ಚರ್ಚ್’ ನೋಡಲು ಏಪ್ರಿಲ್‌ನಲ್ಲಿ ಬಂದವರು ‘ಇದಲ್ಲ, ನೀರಿರೋದು ಇನ್ನೊಂದು ಇರಬೇಕು’ ಅಂತ ಹುಡುಕಿಕೊಂಡು ಮುಂದೆ ಹೋಗಿದ್ದನ್ನು ನಾನೇ ಕಂಡಿದ್ದೇನೆ. ಹೆಸರು ಕೊಟ್ಟವರು ನೋಡಲು ಬಂದವರು. ಅವರು ಬಂದದ್ದು ಆಗಸ್ಟ್‌ನಲ್ಲಿ. ಆದ್ದರಿಂದ ಹೆಸರೂ ಆಗಸ್ಟಿನದೇ.

ಇದರ ಜೊತೆಗೆ ಇನ್ನೊಂದು ಹೆಸರು ತಗುಲಿಕೊಂಡಿದೆ, ಅದನ್ನೂ ಹೇಳಿಬಿಡುತ್ತೇನೆ. ‘ಅಬ್ಬೆ ದುಬ್ವಾ ಕಟ್ಟಿಸಿದ ಚರ್ಚ್’ ಅಂತ ಕೆಲವರು ಬರೆಯುತ್ತಾರೆ. ದುಬ್ವಾ ನಮ್ಮ ಸೀಮೆಗೆ ಅಪರಿಚಿತರಲ್ಲ. 1792ರಲ್ಲಿ ಭಾರತಕ್ಕೆ ಬಂದ ಫ್ರೆಂಚ್ ಪಾದ್ರಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಇಲ್ಲಿಗೆ ಬಂದರು. ಪೇಟ ಸುತ್ತಿ, ನಿಲುವಂಗಿ ತೊಟ್ಟು, ಇಲ್ಲಿಯ ಊಟ ಉಣ್ಣುತ್ತಾ ಇದ್ದವರನ್ನು ಜನ ‘ದೊಡ್ಡಸ್ವಾಮಿಯೋರು’ ಅನ್ನುತ್ತಿದ್ದರು. ಸಿಡುಬಿಗೆ ದಾಕು ಹಾಕಿಸಿದರು, ಬೇಸಾಯದ ವಸಾಹತು ಮಾಡಿಸಿದರು. ಅದರಲ್ಲಿ ಮುಖ್ಯವಾದದ್ದು ಹಾಸನದ ಸಮೀಪವೇ, ಇಂಗ್ಲಿಷ್ ದಾಖಲೆಗಳಲ್ಲಿ ಸಾತಳ್ಳಿ ಅಂತ ಬರುವ ಊರಿನಲ್ಲಿ ಇತ್ತು. ಈ ದೇಶದ ಜಾತಿ, ಆಚಾರ, ಮಡಿ ಮೈಲಿಗೆಗಳ ಬಗ್ಗೆ ಅವರು ಬರೆದ ದೊಡ್ಡ ಪುಸ್ತಕದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡುಕೊಂಡಿತು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ಎಲ್ಲ ಸರಿ. ಆದರೆ ದುಬ್ವಾ 1823ರಲ್ಲೇ ಭಾರತ ಬಿಟ್ಟರು, 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು. 1860ರ ದಶಕದ ಕಟ್ಟಡವನ್ನು ಅವರ ಲೆಕ್ಕಕ್ಕೆ ಬರೆಯುವುದು ಹೇಗೆ? ಅವರ ಹೆಸರಿನ ಚರ್ಚು ನೋಡಬೇಕೆಂದಿದ್ದರೆ ಶ್ರೀರಂಗಪಟ್ಟಣದ ಗಂಜಾಮಿಗೆ ಹೋಗಿ, ಅಲ್ಲಿಯದನ್ನು ಇವತ್ತಿಗೂ ಅಬ್ಬೆ ದುಬ್ವಾ ಚರ್ಚ್ ಅಂತಲೇ ಕರೆಯುತ್ತಾರೆ.

ಶೆಟ್ಟಿಹಳ್ಳಿ ಬಿಟ್ಟು ಪಟ್ಟಣಗಳಿಗೆ ಬಂದರೆ ಗೊಂದಲದ ಬಣ್ಣ ಬೇರೆ. ಇಲ್ಲಿ ನೋಡಲು ಬರುವವರಿಗಿಂತ ಮದುವೆಗೆ ಬರುವವರು ಹೆಚ್ಚು. ಗೆಳೆಯರೊಬ್ಬರ ಮಗನ ಮದುವೆಯ ಕರೆಯೋಲೆಯಲ್ಲಿ ಚರ್ಚಿನ ಹೆಸರು ಎರಡು ಸಾಲು ಇತ್ತು: ಸಂತರ ಹೆಸರು, ಅವರ ವಿಶೇಷಣ, ‘ದೇವಾಲಯ’ ಅಂತ ಕೊನೆಗೆ. ಬಸ್ಸಿಳಿದು ಆಟೊದವನಿಗೆ ಆ ಕಾರ್ಡನ್ನೇ ತೋರಿಸಿದೆ. ಅವನು ಕಾರ್ಡನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿ, ‘ದೇವಸ್ಥಾನನಾ ಅಣ್ಣ? ಯಾವ ಬೀದಿ?’ ಅಂದ. ಅಲ್ಲಪ್ಪ, ಚರ್ಚು ಅಂದೆ. ‘ಸಿಎಸ್‌ಐನಾ, ಆರ್‌ಸಿನಾ?’ ಆರ್‌ಸಿ ಇರಬೇಕು ಅಂದೆ. ‘ಹಂಗನ್ನಿ ಮತ್ತೆ, ಕಾನ್ವೆಂಟ್ ಪಕ್ಕದ್ದು’ ಅಂತ ಹೇಳಿ ಗಾಡಿ ತಿರುಗಿಸಿದ. ಪಕ್ಕದಲ್ಲೇ ಕನ್ಯಾಸ್ತ್ರೀಯರ ಶಾಲೆ. ಊರಿಗೆಲ್ಲ ಗೊತ್ತಿದ್ದದ್ದು ಆ ಶಾಲೆ, ಚರ್ಚು ಅದರ ಗುರುತಿನಲ್ಲಿ ಬದುಕಿತ್ತು.

ಆಟೊದವನು ಕೇಳಿದ ಆ ಎರಡು ಪ್ರಶ್ನೆ ಗೊತ್ತಿದ್ದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಲ್ಲಿ ಮುಕ್ಕಾಲು ಕೆಲಸ ಮುಗಿದ ಹಾಗೆ. ಆರ್‌ಸಿ ಅಂದರೆ ರೋಮನ್ ಕ್ಯಾಥೊಲಿಕ್. ಹಾಸನ ಜಿಲ್ಲೆಯ ಕ್ಯಾಥೊಲಿಕ್ ಚರ್ಚುಗಳು 1963ರಲ್ಲಿ ಆದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರುತ್ತವೆ. ಸಿಎಸ್‌ಐ ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ. ಇದು 1947ರ ಸೆಪ್ಟೆಂಬರ್ 27ರಂದು ಹಲವು ಪ್ರಾಟೆಸ್ಟೆಂಟ್ ಪಂಗಡಗಳು ಸೇರಿ ಆದದ್ದು. ಮೈಸೂರು ಸೀಮೆಯಲ್ಲಿ ಅದಕ್ಕೆ ಮುಂಚೆ ಇದ್ದವರು ವೆಸ್ಲಿಯನ್ ಮಿಷನ್ನಿನವರು. ಶಾಲೆ, ಆಸ್ಪತ್ರೆ, ಅಚ್ಚುಕೂಟ ಎಲ್ಲವನ್ನೂ ತಂದವರು. ಹೆಸರು ಬದಲಾಗಿ ಮುಕ್ಕಾಲು ಶತಮಾನವಾದರೂ ಹಿರಿಯರ ಬಾಯಲ್ಲಿ ಅದು ಇನ್ನೂ ‘ಮಿಷನ್ ಕಾಂಪೌಂಡು’. ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಎಲ್ಲಿ ಅಂತ ಕೇಳಿ ನೋಡಿ, ತಡಕಾಡುತ್ತಾರೆ. ಮಿಷನ್ ಆಸ್ಪತ್ರೆ ಅನ್ನಿ, ಮಂಡಿ ಮೊಹಲ್ಲಾದ ಮಕ್ಕಳೂ ತೋರಿಸುತ್ತಾರೆ. ಇನ್ನು ಹೊಸದಾಗಿ ಬಂದ ಪ್ರಾರ್ಥನಾ ಮಂದಿರಗಳು ಬಾಡಿಗೆ ಮನೆ, ಅಂಗಡಿ ಮಾಳಿಗೆಗಳಲ್ಲಿ ಇರುತ್ತವೆ. ಅವುಗಳಿಗೆ ಊರು ಇನ್ನೂ ಹೆಸರಿಟ್ಟಿಲ್ಲ, ಫೋನ್ ಮಾಡಿಯೇ ಹೋಗಬೇಕು.

ಇದರಲ್ಲಿ ಇನ್ನೊಂದು ಒಳಸುಳಿ ಇದೆ. ಹಳೇ ಮೈಸೂರಿನ ಕನ್ನಡ ಕ್ಯಾಥೊಲಿಕರು ಮನೆಯಲ್ಲಿ ಮಾತಾಡುವಾಗ ‘ಗುಡಿಗೆ ಹೋಗಿದ್ವಿ’ ಅನ್ನುತ್ತಾರೆ, ಪಾದ್ರಿಗಳನ್ನು ‘ಸ್ವಾಮಿಯೋರು’ ಅನ್ನುತ್ತಾರೆ. ಮಾಸ್ ಅನ್ನುವುದು ಅವರಿಗೆ ‘ಪೂಜೆ’, ಹಬ್ಬದ ದಿನ ಎಳೆಯುವುದು ‘ತೇರು’. ಹಳ್ಳಿಯೊಂದರಲ್ಲಿ ‘ಗುಡಿ ಹತ್ರ ಬನ್ನಿ’ ಅಂತ ಫೋನಿನಲ್ಲಿ ಹೇಳಿದರೆ ನೀವು ಮಾರಮ್ಮನ ಗುಡಿಯ ಮುಂದೆ ನಿಂತು ಕಾಯುವ ಸಾಧ್ಯತೆ ಇದೆ. ಕರಾವಳಿಗೆ ಹೋದರೆ ಅದೇ ಕೊಂಕಣಿಯವರ ಬಾಯಲ್ಲಿ ‘ಇಗರ್ಜಿ’ ಆಗುತ್ತದೆ, ಮಂಗಳೂರಿನ ರೊಜಾರಿಯೋ ‘ರುಜಾಯ್’ ಆಗುತ್ತದೆ, ಹಂಪನಕಟ್ಟೆಯ ಮಿಲಾಗ್ರಿಸ್ ‘ಮಿಲಾರ್’ ಆಗುತ್ತದೆ. ಮಿಲಾಗ್ರಿಸ್ ಅಂತಲೇ ಇನ್ನೊಂದು ಕಲ್ಯಾಣಪುರದಲ್ಲೂ ಇದೆ. ಅದು 2012ರಿಂದ ಉಡುಪಿ ಧರ್ಮಪ್ರಾಂತ್ಯದ ಕ್ಯಾಥೆಡ್ರಲ್. ಉಡುಪಿಯ ಮದುವೆಗೆ ಹೊರಟವರು ಮಂಗಳೂರಿನಲ್ಲಿ ಇಳಿದ ಕಥೆಗಳು ಅಲ್ಲಿ ಬೇಕಾದಷ್ಟು ಸಿಗುತ್ತವೆ.

ಸಂತರ ಹೆಸರೇ ಜನರ ಬಾಯಲ್ಲಿ ನಿಂತ ಅಪರೂಪದ ಜಾಗ ಮೈಸೂರು. ಅಲ್ಲಿಯ ದೊಡ್ಡ ಚರ್ಚು ಸಂತ ಜೋಸೆಫರ ಮತ್ತು ಸಂತ ಫಿಲೋಮಿನಾರ ಕ್ಯಾಥೆಡ್ರಲ್. 1843ರ ಹಳೆಯ ಚರ್ಚು ಇದ್ದ ಜಾಗದಲ್ಲಿ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ್ದು. ಕೊಲೋನ್ ಕ್ಯಾಥೆಡ್ರಲ್ಲಿನ ಮಾದರಿ, 175 ಅಡಿಯ ಜೋಡಿ ಗೋಪುರ. ಜೋಸೆಫರನ್ನು ಜನ ಎಂದೋ ಮರೆತರು. ಬಸ್ಸಿನಲ್ಲಿ ‘ಫಿಲೋಮಿನಾ ಒಂದು’ ಅಂದರೆ ಟಿಕೆಟ್ ಬರುತ್ತದೆ. ತಮಾಷೆ ಏನೆಂದರೆ 1961ರಲ್ಲಿ ರೋಮಿನವರು ಫಿಲೋಮಿನಾ ಬಗ್ಗೆ ಚಾರಿತ್ರಿಕ ಆಧಾರ ಸಾಲದೆಂದು ಅವಳ ಹಬ್ಬವನ್ನು ಪಂಚಾಂಗದಿಂದ ತೆಗೆದುಹಾಕಿದರು. ಮೈಸೂರಿನವರು ತೆಗೆಯಲಿಲ್ಲ. ಕಾಲೇಜಿಗೂ ಅದೇ ಹೆಸರು, ಬಡಾವಣೆಯ ವಿಳಾಸಕ್ಕೂ ಅದೇ ಹೆಸರು. ಇಂಥ ವಿಷಯದಲ್ಲಿ ವ್ಯಾಟಿಕನ್ನಿಗಿಂತ ಬಸ್ ಕಂಡಕ್ಟರ್ ದೊಡ್ಡವನು ಅಂತ ನನ್ನ ಅಭಿಪ್ರಾಯ.

ಬೆಂಗಳೂರಿನಲ್ಲಿ ಮನುಷ್ಯರ ಹೆಸರೇ ನಿಂತಿರುವುದೂ ಉಂಟು. ಕಾರ್ಪೊರೇಷನ್ ಎದುರಿನ ಕಲ್ಲಿನ ಚರ್ಚು 1904ರದು. ಕನ್ನಡ ಶಾಲೆಗಳಿಗಾಗಿ ದುಡಿದ ವೆಸ್ಲಿಯನ್ ಪಾದ್ರಿ ಜೋಸಯ್ಯ ಹಡ್ಸನ್ ನೆನಪಿನದು, ಇವತ್ತಿಗೂ ಕನ್ನಡ ಸಭೆಯದು. ಚರ್ಚಿನ ಹೆಸರು ಸರ್ಕಲ್ಲಿಗೆ ಬಂತು, ಈಗ ಸರ್ಕಲ್ಲಿನ ಹೆಸರಿನಿಂದ ಚರ್ಚನ್ನು ಹುಡುಕುತ್ತಾರೆ. ಶಿವಾಜಿನಗರದ ಸಂತ ಮೇರಿ ಬೆಸಿಲಿಕಾ ಆಟೊದವರಿಗೆ ‘ಶಿವಾಜಿನಗರ ಚರ್ಚು’. ಅಲ್ಲಿ 1818ರಲ್ಲಿ ಮೊದಲು ಹುಲ್ಲಿನ ಚಾವಣಿಯ ಗುಡಿ ಎಬ್ಬಿಸಿದವರು ಮತ್ತದೇ ನಮ್ಮ ದೊಡ್ಡಸ್ವಾಮಿಯೋರು. ಕಾರ್ಕಳದ ಸಂತ ಲಾರೆನ್ಸರ ಬೆಸಿಲಿಕಾ ಯಾರಿಗೂ ಬೆಸಿಲಿಕಾ ಅಲ್ಲ. 2016ರಲ್ಲಿ ಆ ಪದವಿ ಬಂದ ಮೇಲೂ ಅದು ಅತ್ತೂರು ಚರ್ಚು. ಜನವರಿಯ ಸಾಂತ್‌ಮಾರಿ ಜಾತ್ರೆಗೆ ಎಲ್ಲ ಜಾತಿಯವರೂ ಮೊಂಬತ್ತಿ ಹಿಡಿದು ಹೋಗುತ್ತಾರೆ, ಯಾರೂ ಲಾರೆನ್ಸರ ಹೆಸರು ಹೇಳಿ ಬಸ್ಸು ಹತ್ತುವುದಿಲ್ಲ. ಇದು ನಮ್ಮ ಕಡೆಯ ಚಾಳಿ ಮಾತ್ರ ಅಲ್ಲ. ಮುಂಬೈಯ ಕೊಲಾಬಾದಲ್ಲಿರುವ ಸುವಾರ್ತಿಕ ಯೋಹಾನರ ಚರ್ಚನ್ನು ಊರೆಲ್ಲ ‘ಅಫ್ಘನ್ ಚರ್ಚ್’ ಅನ್ನುತ್ತದೆ. ಮೊದಲ ಆಂಗ್ಲೋ-ಅಫ್ಘನ್ ಯುದ್ಧದಲ್ಲಿ ಸತ್ತ ಸಿಪಾಯಿಗಳ ನೆನಪಿಗೆ ಕಟ್ಟಿದ್ದು, ಅಲ್ಲಿ ಅಫ್ಘನರು ಯಾರೂ ಇಲ್ಲ.

ಹೆಸರೇ ಕಳೆದುಕೊಂಡ ಕಟ್ಟಡಗಳೂ ಇವೆ. ಮಡಿಕೇರಿ ಕೋಟೆಯೊಳಗೆ ಚೂಪು ಕಿಟಕಿಯ ಒಂದು ಕಟ್ಟಡ ನೋಡಿ ‘ಇದು ಚರ್ಚಲ್ವಾ?’ ಅಂತ ಬಹಳ ಜನ ಕೇಳುತ್ತಾರೆ. ಹೌದು, ಅದು ಇಂಗ್ಲಿಷರ ಕಾಲದ ಸೇಂಟ್ ಮಾರ್ಕ್ಸ್ ಚರ್ಚ್. ಈಗ ಸರ್ಕಾರದ ವಸ್ತುಸಂಗ್ರಹಾಲಯ, ಊರಿನವರಿಗೆ ‘ಮ್ಯೂಸಿಯಂ’. ಸಂತ ಮಾರ್ಕರ ಹೆಸರು ಹಿಡಿದು ಮಡಿಕೇರಿಯಲ್ಲಿ ವಿಚಾರಿಸಿದರೆ ದಿನ ಕಳೆದೀತು.

ಆದ್ದರಿಂದ ನನ್ನನ್ನು ಕೇಳುವವರಿಗೆ ನಾನು ಹೇಳುವುದು ಇಷ್ಟೆ: ಹೊರಡುವ ಮುಂಚೆ ಅಧಿಕೃತ ಹೆಸರು ಬರೆದಿಟ್ಟುಕೊಳ್ಳಿ, ಪಾದ್ರಿಗಳಿಗೋ ಕಚೇರಿಗೋ ಫೋನ್ ಮಾಡುವಾಗ ಬೇಕಾಗುತ್ತದೆ. ಊರಿಗೆ ಕಾಲಿಟ್ಟ ಮೇಲೆ ಅದನ್ನು ಜೇಬಿನಲ್ಲಿಟ್ಟು ಪಕ್ಕದ ಶಾಲೆ, ಆಸ್ಪತ್ರೆ, ಕೆರೆ, ಹಿನ್ನೀರಿನ ಹೆಸರು ಹೇಳಿ. ಯಾತಕ್ಕೆ ಬಂದಿರಿ ಅನ್ನುವುದನ್ನೂ ಬಾಯಿಬಿಟ್ಟು ಹೇಳಿ. ಪೂಜೆಗೋ, ಮದುವೆಗೋ, ಮಣ್ಣಿಗೋ, ಬರೀ ನೋಡೋಕೋ ಅನ್ನುವುದರ ಮೇಲೆ ಜನ ತೋರಿಸುವ ಕಟ್ಟಡವೇ ಬೇರೆಯಾಗುತ್ತದೆ.

ಮದುವೆ ಕಾರ್ಡು ಅಚ್ಚು ಹಾಕಿಸುವವರಲ್ಲಿ ಒಂದು ವಿನಂತಿ. ಸಂತರ ಪೂರ್ತಿ ಹೆಸರಿನ ಕೆಳಗೆ ಒಂದು ಸಾಲು, ‘ಕಾನ್ವೆಂಟ್ ಪಕ್ಕ’ ಅಂತಲೋ ‘ಮಿಷನ್ ಕಾಂಪೌಂಡ್ ಒಳಗೆ’ ಅಂತಲೋ ಸೇರಿಸಿ. ಅತಿಥಿಗಳು ಸಮಯಕ್ಕೆ ಬರುತ್ತಾರೆ. ಪ್ರವಾಸೋದ್ಯಮದವರಿಗೂ ಪಂಚಾಯಿತಿಯವರಿಗೂ ಇನ್ನೊಂದು: ‘ಫ್ಲೋಟಿಂಗ್ ಚರ್ಚ್’ ಅನ್ನುವ ಬೋರ್ಡು ಬೇಕಿದ್ದರೆ ಇರಲಿ, ಅದರ ಮೇಲೆ ದಪ್ಪಕ್ಷರದಲ್ಲಿ ‘ಶೆಟ್ಟಿಹಳ್ಳಿ ಹಳೇ ಚರ್ಚು, ಗೊರೂರು ಹಿನ್ನೀರು’ ಅಂತ ಕನ್ನಡದಲ್ಲಿ ಬರೆಸಿ. ಯಾವ ತಿಂಗಳಲ್ಲಿ ನೀರಿರುತ್ತದೆ, ಯಾವ ತಿಂಗಳಲ್ಲಿ ಇರುವುದಿಲ್ಲ ಅನ್ನುವುದನ್ನೂ ಹಾಕಿಸಿದರೆ ಏಪ್ರಿಲ್‌ನಲ್ಲಿ ಬಂದವರು ಬೇಜಾರಾಗಿ ಹೋಗುವುದು ತಪ್ಪುತ್ತದೆ.

ಈ ವರ್ಷ ಅಲ್ಲಿಗೆ ಹೊರಟಿರುವವರಿಗೆ ಕೊನೆಯ ಮಾತು. ಇತ್ತೀಚಿನ ಮಳೆಗಳಲ್ಲಿ ಗೋಡೆಯ ಭಾಗಗಳು ಕುಸಿದಿವೆ, ಉಳಿದದ್ದೂ ಗಟ್ಟಿಯಿಲ್ಲ. ಫೋಟೊಗಾಗಿ ಕಮಾನು ಹತ್ತಬೇಡಿ, ಹಿನ್ನೀರಿಗೆ ಇಳಿಯಬೇಡಿ. ಭಾನುವಾರ ಪೂಜೆಗೆ ಹೋಗುವವರು ಅಲ್ಲಿಗೆ ಹೋಗಬೇಡಿ, ದಾರಿಯಲ್ಲಿ ಯಾರನ್ನಾದರೂ ಕೇಳಿ ಹೊಸ ಚರ್ಚಿಗೆ ಹೋಗಿ.